ಏರುವುದಿಲ್ಲ ಎಂಬ ಮಾತು

ಮೊಮ್ಮಕ್ಕಳೇ, ಹೋದ ರಜೆಯಲ್ಲಿ ನೀವಿಬ್ಬರೂ ಇಳಕಲ್ಲಿಗೆ ಬಂದಿದ್ದಾಗ ನಾನು ಒಂದು ರೊಟ್ಟಿಯನ್ನು ಸುಟ್ಟು ಕರಿ ಮಾಡಿದೆ. ನೆನಪಿದೆಯೇ? ‘ಅಮ್ಮನ ಕಣ್ಣು ಮಂಜಾಗ್ಯಾವು’ ಎಂದು ನಕ್ಕಿರಿ. ಕಣ್ಣು ಮಂಜಾಗಿರುವುದು ನಿಜ. ಆದರೆ ರೊಟ್ಟಿ ಸುಟ್ಟದ್ದು ಅದರಿಂದಲ್ಲ.

ನಾನು ಒಲೆಯ ಮುಂದೆ ಕುಳಿತಿದ್ದೆ. ನೀವು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಿರಿ. ನಡುವೆ ಒಂದು ಗೋಡೆ, ಅದೂ ಅರ್ಧ ಎತ್ತರದ್ದು. ಅದರಾಚೆಗೆ ಆಡಿದ ಮಾತು ಅಡುಗೆಮನೆಗೆ ಕೇಳಿಸುತ್ತದೆ ಎಂಬುದು ಈ ಮನೆಯಲ್ಲಿ ಬೆಳೆದವರಿಗೆ ಗೊತ್ತು, ನೀವು ಹೆಚ್ಚಾಗಿ ಬದಾಮಿಯಲ್ಲಿ ಬೆಳೆದವರು.

“ಪಟ್ಟದಕಲ್ಲಿಗೆ ಹೋಗಿದ್ವಿ, ಕಾಲೇಜಿನ ಎಂಟು ಮಂದಿ. ಹೊಳಿ ದಂಡಿಗೆ ಕುಂತು ಬೀರ್ ಕುಡದ್ವಿ” ಎಂದು ದೊಡ್ಡವನೇ, ನೀನು ತಂಗಿಗೆ ಹೇಳಿದೆ.

“ಅವ್ವಗ ಹೇಳ್ತೇನಿ ನೋಡು.”

“ಹೇಳು ಹೋಗು. ನಿನ್ನ ಮುರಕ ಫೋನು ನಾನ ರಿಪೇರಿ ಮಾಡಿಸಿ ಕೊಡೂದು, ಅದೂ ನೆನಪಿಟ್ಕೋ.”

“ವಾಂತಿ ಮಾಡ್ಕೊಂಡ್ಯೋ ಇಲ್ಲೋ?”

“ನಾನಾ? ಉಳದಾವ್ರೆಲ್ಲಾ ಅಡ್ಡಡ್ಡ ಬಿದ್ರು. ಒಬ್ಬಾಂವ ಅಳಾಕ ಹತ್ತಿದ, ಅವರವ್ವ ನೆನಪಾದ್ಳಂತ. ನನಗ ಏನೂ ಆಗ್ಲಿಲ್ಲ. ಎಲ್ಲಾರನೂ ಹಿಡಕೊಂಡು ಬದಾಮಿ ಬಸ್ಸು ಹತ್ತಿಸಿದಾಂವ ನಾನ. ನನಗ ಏರಂಗಿಲ್ಲ.”

ತವೆಯ ಮೇಲಿನ ರೊಟ್ಟಿಯನ್ನು ನಾನು ಮರೆತದ್ದು ಆಗ. ಆ ಕೊನೆಯ ಮಾತನ್ನು ನನ್ನ ಜೀವಮಾನದಲ್ಲಿ ನಾಲ್ಕನೆಯ ಗಂಡಸಿನ ಬಗ್ಗೆ ಕೇಳುತ್ತಿದ್ದೆ. ಮೊದಲನೆಯವನು ನನ್ನ ಅಜ್ಜ, ಎರಡನೆಯವರು ನನ್ನ ಗಂಡ, ಮೂರನೆಯವನು ನಿಮ್ಮ ಅಪ್ಪ. ಮೂವರೂ ಈಗ ಇಲ್ಲ.

ಆ ಹೊತ್ತಿನಲ್ಲಿಯೇ ಎದ್ದು ಬಂದು ನಿನ್ನ ಮುಂದೆ ಕುಳಿತು ಎಲ್ಲವನ್ನೂ ಹೇಳಬೇಕಿತ್ತು. ನಾನು ಇನ್ನೊಂದು ರೊಟ್ಟಿ ಬಡಿದು, ಅದರ ಮೇಲೆ ಬೆಣ್ಣೆ ಇಟ್ಟು ತಂದುಕೊಟ್ಟೆ. ಹೇಳಬೇಕಾದಾಗ ಬಾಯಿ ಕಟ್ಟುವುದು ನನ್ನ ಹುಟ್ಟುಗುಣ. ಹುನಗುಂದದ ಹತ್ತಿರದ ನನ್ನ ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಮಾಸ್ತರರು ಎದ್ದು ನಿಂತು ಪಾಠ ಒಪ್ಪಿಸು ಎಂದರೆ ನನಗೆ ಬಂದದ್ದೂ ಬರುತ್ತಿರಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸು ಎಂದರೆ ಒಂದಕ್ಷರ ಬಿಡದೆ ಬರೆಯುತ್ತಿದ್ದೆ. ಆದ್ದರಿಂದ ಈಗಲೂ ಬರೆಯುತ್ತಿದ್ದೇನೆ.

ಮೊದಲು ಅಜ್ಜನ ಮಾತು. ಅವನು ನನ್ನ ತಾಯಿಯ ಅಪ್ಪ. ಇಳಕಲ್ಲಿನ ಇದೇ ಮನೆಯಲ್ಲಿ ಎರಡು ಕುಣಿಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಿದ್ದ. ರಜೆಗೆ ನಾವು ಹುನಗುಂದದ ಕಡೆಯಿಂದ ಬಂದಾಗ ಅವನು ನಮ್ಮನ್ನು ಮಗ್ಗದ ಕುಣಿಯ ಅಂಚಿಗೆ ಕೂಡಿಸಿಕೊಂಡು ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕೂಡಿಸುವುದನ್ನು ತೋರಿಸುತ್ತಿದ್ದ. ಓಣಿಯವರು ಅವನನ್ನು ಕುರಿತು ಹೇಳುತ್ತಿದ್ದ ಒಂದು ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಯಜಮಾನ್ರಿಗೆ ಏರಂಗಿಲ್ಲಪಾ. ಎಷ್ಟರ ಹಾಕಲಿ, ಒಂದು ಎಳಿ ತಪ್ಪಂಗಿಲ್ಲ.” ಇದನ್ನು ಅವರು ಹೊಗಳಿಕೆಯಾಗಿ ಹೇಳುತ್ತಿದ್ದರು. ಒಬ್ಬನು ಎರಡು ಚೀಲ ಜೋಳವನ್ನು ಒಟ್ಟಿಗೆ ಹೊರುತ್ತಾನೆ ಎನ್ನುವ ಹಾಗೆ. ಅಜ್ಜನೂ ಅದನ್ನು ಕೇಳಿ ಮೀಸೆಯೊಳಗೆ ನಗುತ್ತಿದ್ದ.

ಅವನಿಗೆ ಒಂದು ನೇಮವಿತ್ತು. ಕೊರಳಲ್ಲಿಯ ಲಿಂಗವನ್ನು ಮೈಮೇಲಿಂದ ಇಳಿಸಬಾರದು ಎಂಬುದು ನಮ್ಮ ಮನೆಗಳಲ್ಲಿ ಸಣ್ಣ ಕೂಸಿಗೂ ಗೊತ್ತು. ಆದರೆ ಲಿಂಗ ಕಟ್ಟಿಕೊಂಡು ಶೆರೆ ಮುಟ್ಟುವುದು ಅದಕ್ಕಿಂತ ದೊಡ್ಡ ತಪ್ಪು ಎಂದು ಅಜ್ಜ ತನ್ನೊಳಗೆ ತೀರ್ಮಾನ ಮಾಡಿಕೊಂಡಿದ್ದ. ಹೊರಗೆ ಹೋಗುವ ಮೊದಲು ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಕೊರಳಿಂದ ತೆಗೆದು, ಕಣ್ಣಿಗೆ ಒತ್ತಿಕೊಂಡು, ದೇವರ ಜಗಲಿಯ ಪಕ್ಕದ ಗೂಟಕ್ಕೆ ಹಾಕುತ್ತಿದ್ದ. ಬಂದು, ಮಲಗಿ ಎದ್ದು, ಸ್ನಾನ ಮಾಡಿದ ಮೇಲೆ ಕಟ್ಟಿಕೊಳ್ಳುತ್ತಿದ್ದ. ಅಜ್ಜಿ ಬಾಯಿಂದ ಏನೂ ಕೇಳುತ್ತಿರಲಿಲ್ಲ. ಬರುತ್ತ ಹೋಗುತ್ತ ಗೂಟದ ಕಡೆಗೆ ಒಮ್ಮೆ ನೋಡುತ್ತಿದ್ದಳು. ಗೂಟ ಖಾಲಿ ಇದ್ದ ದಿನ ಅವಳ ಮಾತಿನಲ್ಲಿ ನಗೆ ಇರುತ್ತಿತ್ತು.

ಈ ಅಜ್ಜನ ಕಿರಿಯ ಮಗನಿಗೇ ನನ್ನನ್ನು ಕೊಟ್ಟರು. ಅಂದರೆ ನನ್ನ ತಾಯಿಯ ತಮ್ಮನಿಗೆ, ನನ್ನ ಸೋದರಮಾವನಿಗೆ. ನಿಮ್ಮ ಮುತ್ಯಾ ಎಂದು ನೀವು ಫೋಟೋದಲ್ಲಿ ನೋಡಿ ಕೈ ಮುಗಿಯುವವರು ಅವರು. ನಮ್ಮ ಕಡೆ ಇದು ಹೊಸದಲ್ಲ, ಮನೆಮನೆಗೂ ಇತ್ತು. ನನ್ನ ತಾಯಿ ಅಂದದ್ದು ಇಷ್ಟು: “ಹೊರಗಿನ ಮನಿ ಹೆಂಗಿರ್ತೈತೋ ಏನೋ. ಕುಡಕರು ಇರ್ತಾರೋ, ಹೊಡ್ಯಾವ್ರು ಇರ್ತಾರೋ. ಇದು ನಮ್ಮ ಮನಿ, ನಮ್ಮ ರಕ್ತ.” ಗೊತ್ತಿದ್ದ ಮನೆ ಎಂದರೆ ಭಯವಿಲ್ಲದ ಮನೆ ಎಂದು ಅವಳು ತಿಳಿದಳು. ಅವಳು ಹುಟ್ಟಿ ಬೆಳೆದದ್ದು ಆ ಗೂಟದ ಕೆಳಗೇ. ಆದರೂ ತನ್ನ ಅಪ್ಪ ಕುಡುಕ ಎಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. ಕುಡುಕ ಎಂದರೆ ಗಟಾರಿನಲ್ಲಿ ಬೀಳುವವನು. ಅವಳ ಅಪ್ಪ ಬಿದ್ದವನಲ್ಲ.

ಹೀಗೆ ನನಗೆ ಅಜ್ಜನಾಗಿದ್ದವನೇ ಮಾವನೂ ಆದ. ಅವನು ಬಹಳ ದಿನ ಇರಲಿಲ್ಲ. ಹೊಟ್ಟೆ ಉಬ್ಬಿ, ಕಾಲು ಬಾತು ತೀರಿಕೊಂಡ. ಗೂಟ ಖಾಲಿ ಉಳಿಯಿತು.

ನನ್ನ ಮದುವೆಯಾದ ಮೂರನೆಯ ವರ್ಷ, ನಾನು ನೂಲಿನ ಕಂಡಿಕೆ ಸುತ್ತಿ ಮುಗಿಸಿ ಕಸ ಗುಡಿಸುತ್ತಿದ್ದಾಗ, ಆ ಗೂಟದಲ್ಲಿ ನಿಮ್ಮ ಮುತ್ಯಾನ ಕರಡಿಗೆ ಕಂಡೆ. ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡೆ. ಬಚ್ಚಲಿನಲ್ಲಿ ನೀರಿನ ಸಪ್ಪಳ ಇರಲಿಲ್ಲ.

ಅವರ ಬಗ್ಗೆ ಕೆಟ್ಟದ್ದು ಬರೆಯಲು ನನ್ನ ಕೈ ಬರುವುದಿಲ್ಲ, ಬರೆಯುವಂಥದ್ದೂ ಇಲ್ಲ. ನನ್ನ ಮೇಲೆ ಕೈ ಎತ್ತಲಿಲ್ಲ. ಒದರಲಿಲ್ಲ. ಕುಡಿದು ಬಂದು ಅಂಗಳದಲ್ಲಿ ಕಾಲು ತೊಳೆದುಕೊಂಡು ಕೂಸನ್ನು ಎತ್ತಿ ಆಡಿಸುತ್ತಿದ್ದರು. ಕೂಸು ಎಂದರೆ ನಿಮ್ಮ ಅಪ್ಪ. ಹೊಡೆದಿದ್ದರೆ, ಬಿದ್ದಿದ್ದರೆ ಓಣಿಯ ನಾಲ್ಕು ಮಂದಿ ಕೂಡಿ ಬುದ್ಧಿ ಹೇಳುತ್ತಿದ್ದರು. ನೆಟ್ಟಗೆ ನಡೆಯುವ ಮನುಷ್ಯನಿಗೆ ಯಾರು ಏನು ಹೇಳುತ್ತಾರೆ? ಒಮ್ಮೆ ನಾನೇ ಧೈರ್ಯ ಮಾಡಿ, “ಭಾಳ ಆಗಾಕ ಹತ್ತೇತಿ, ಅಲ್ರೀ?” ಎಂದೆ.

“ಏರೇತೇನು ನನಗ? ನೋಡು” ಎಂದು ಅವರು ಮಗ್ಗಕ್ಕೆ ಇಳಿದು ಸೆರಗಿನ ಕೆಂಪು ಎಳೆಗಳನ್ನು ಕೂಡಿಸತೊಡಗಿದರು. ನಾನು ದೀಪ ಹಿಡಿದು ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ನನಗೆ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ. ಮೈ ಗಟ್ಟಿ ಇದೆ, ತಡೆಯುತ್ತದೆ ಎಂದುಕೊಂಡೆ.

ಮುಂದೆ ಬೆಳಗಿನ ಹೊತ್ತು ಅವರ ಬೆರಳು ನಡುಗತೊಡಗಿದವು. ಕುಡಿದರೆ ನಡುಕ ನಿಲ್ಲುತ್ತಿತ್ತು. ಆಗಲೂ ನನಗೆ ತಿಳಿಯಲಿಲ್ಲ. ಶೆರೆ ಅವರಿಗೆ ಔಷಧದ ಹಾಗೆ ಆಗಿಬರುತ್ತದೆ ಎಂದುಕೊಂಡೆ. ಕಣ್ಣು ಹಳದಿಯಾದಾಗ ಎಲ್ಲರೂ ಕಾಮಣಿ ಎಂದರು. ಬೇರಿನ ಔಷಧ ಕುಡಿಸಿದೆವು, ಪಥ್ಯ ಮಾಡಿಸಿದೆವು. ನಿಮ್ಮ ಅಪ್ಪ ಆಗ ಶಾಲೆಗೆ ಹೋಗುತ್ತಿದ್ದ. ಮಣ್ಣು ಮಾಡಿ ಬಂದ ಮೇಲೆ ಯಾರು ಕೇಳಿದರೂ ನಾನು “ಕಾಮಣಿ ಆಗಿತ್ತು” ಎಂದೆ. ಅದು ಪೂರಾ ಸುಳ್ಳೂ ಅಲ್ಲ. ಅರ್ಧ ನಿಜವನ್ನು ಹೇಳುವುದು ನಾಚಿಕೆಯವರಿಗೆ ಬಹಳ ಅನುಕೂಲ.

ನಿಮ್ಮ ಅಪ್ಪ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲು ಪಾಲೀಶು ಮಾಡುವ ಕೆಲಸಕ್ಕೆ ಸೇರಿದ. ಬರುವಾಗ ಹುಬ್ಬು, ರೆಪ್ಪೆ ಎಲ್ಲ ಕೆಂಪು ಹಿಟ್ಟು. ನಗುಮುಖದವನು. ಮನೆಗೆ ಬಂದರೆ ನನ್ನನ್ನು ನಗಿಸದೆ ಅನ್ನಕ್ಕೆ ಕೂಡುತ್ತಿರಲಿಲ್ಲ. ಅವನು ಲಿಂಗವನ್ನು ಎಂದೂ ಗೂಟಕ್ಕೆ ಹಾಕಲಿಲ್ಲ. ನಾನು ವರ್ಷಗಟ್ಟಲೆ ಗೂಟ ನೋಡಿ ನೆಮ್ಮದಿಯಾಗಿದ್ದೆ. ಗೂಟದ ನೇಮ ಅವನ ಅಪ್ಪನಿಗೇ ಮುಗಿದಿತ್ತು, ಅವನು ಕಟ್ಟಿಕೊಂಡೇ ಕುಡಿಯುತ್ತಿದ್ದ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ನನ್ನ ತಾಯಿ ಮುಪ್ಪಿನಲ್ಲಿ ನನ್ನ ಹತ್ತಿರ ಬಂದು ಇದ್ದಳು. ಅವಳೇ ಒಂದು ದಿನ, “ಹುಡುಗ ಕುಡ್ಯಾಕ ಹತ್ತೇತಿ, ನಿನಗ ವಾಸನಿ ಬರಂಗಿಲ್ಲೇನು?” ಎಂದಳು.

ಆಗ ನಾನು ಆಡಿದ ಮಾತನ್ನು ನೀವು ಓದಲೇಬೇಕು. ನಾನು ಅಂದೆ: “ಒಂದೀಟು ತೊಗೋತಿರಬೇಕು. ಅವಗೇನು ಏರಂಗಿಲ್ಲ ಬಿಡವ್ವಾ.”

“ಅಪ್ಪನ ಹಂಗ” ಎಂದಳು ನನ್ನ ತಾಯಿ. ಯಾರ ಅಪ್ಪ ಎಂದು ನಾನು ಕೇಳಲಿಲ್ಲ. ಕೇಳುವುದೇನಿತ್ತು? ಅವಳ ಅಪ್ಪ, ನನ್ನ ಗಂಡನ ಅಪ್ಪ, ಒಬ್ಬನೇ.

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದರು. ಕೆರೂರಿನಿಂದ ನಿಮ್ಮ ಅವ್ವನ ತಂದೆ ಮನೆ ನೋಡಲು ಬಂದರು. ಸಂಬಂಧ ನೋಡುವವರು ತೊನ್ನು ಇದೆಯೇ, ಹುಚ್ಚು ಇದೆಯೇ ಎಂದು ಓಣಿಯಲ್ಲಿ ವಿಚಾರಿಸುತ್ತಾರೆ. ಕುಡಿತವನ್ನು ಹುಡುಗನ ಮಟ್ಟಿಗೆ ಕೇಳುತ್ತಾರೆ, ಅವನ ಹಿಂದಿನವರ ಮಟ್ಟಿಗೆ ಯಾರೂ ಕೇಳುವುದಿಲ್ಲ. ನಿಮ್ಮ ಅಪ್ಪ ಎಂದೂ ಬಿದ್ದವನಲ್ಲ, ಓಣಿಯವರು ಏನೂ ಅಂದಿರಲಿಲ್ಲ. ಇವರು ಮಾತ್ರ ಹಿಂದಿನವರನ್ನೂ ಕೇಳಿದರು. “ನಿಮ್ಮ ಮನಿಯವರು ಏನಾಗಿ ತೀರಿಕೊಂಡ್ರು ಅಕ್ಕಾರ?” ನಾನು ಬಾಗಿಲ ಮರೆಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. “ಕಾಮಣಿ ಆಗಿತ್ರಿ” ಎಂದೆ. ನಿಮ್ಮ ಅಪ್ಪ ಚಾಪೆಯ ಮೇಲೆ ಕುಳಿತಿದ್ದ. ತಲೆ ಎತ್ತಿ ನನ್ನ ಕಡೆ ನೋಡಿ ಮತ್ತೆ ತಗ್ಗಿಸಿದ.

ನೀವಿಬ್ಬರು ಹುಟ್ಟಿದಿರಿ. ಅವನ ಕೈಯೂ ಬೆಳಗಿನ ಹೊತ್ತು ನಡುಗತೊಡಗಿತು. ಫ್ಯಾಕ್ಟರಿಯವರು ಎರಡು ಸಲ ಮನೆಗೆ ಕಳಿಸಿದರು. ನಿಮ್ಮ ಅವ್ವ ಅಳುವವಳಲ್ಲ, ಮಾಡುವವಳು. ಬಾಗಲಕೋಟೆಯ ನವನಗರದಲ್ಲಿ ಈ ಚಟ ಬಿಡಿಸುವ ದವಾಖಾನೆ ಇದೆ ಎಂದು ಎಲ್ಲಿಂದಲೋ ತಿಳಿದುಕೊಂಡಳು. ಮೂವರೂ ಹೋದೆವು.

ಅಲ್ಲಿಯ ಡಾಕ್ಟರು ಹೆಣ್ಣುಮಗಳು, ಮೃದು ಮಾತು. ಒಂದು ದೊಡ್ಡ ಹಾಳೆ ತೆಗೆದುಕೊಂಡು ಚೌಕ, ದುಂಡು ಬರೆಯತೊಡಗಿದಳು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. ಕೆಳಗೆ ನೀವಿಬ್ಬರು, ಮೇಲೆ ನಿಮ್ಮ ಅಪ್ಪ ಅವ್ವ, ಅದರ ಮೇಲೆ ನಾನು ಮತ್ತು ನಿಮ್ಮ ಮುತ್ಯಾ, ಎಲ್ಲಕ್ಕೂ ಮೇಲೆ ಅಜ್ಜ ಅಜ್ಜಿ. ನಾನು ಸೋದರಮಾವನಿಗೆ ಕೊಟ್ಟವಳು ಎಂದಾಗ ನಮ್ಮಿಬ್ಬರ ನಡುವೆ ಒಂದರ ಬದಲು ಎರಡು ಗೆರೆ ಎಳೆದಳು. ತೀರಿಕೊಂಡವರ ಮೇಲೆ ಓರೆಗೆರೆ. ಆಮೇಲೆ ಪೆನ್ನನ್ನು ಕಾಗದದಿಂದ ಎತ್ತಿ ನನ್ನನ್ನು ಕೇಳಿದಳು: “ಇದರಾಗ ಮತ್ಯಾರರ ಕುಡೀತಿದ್ರೇನ್ರಿ ಅಮ್ಮಾ? ಕುಡೀತಿದ್ದವರ ಚೌಕ ನಾ ಕಪ್ಪು ಮಾಡಬೇಕು.”

ನನ್ನ ಬಲಕ್ಕೆ ನಿಮ್ಮ ಅವ್ವ. ಎಡಕ್ಕೆ ನಿಮ್ಮ ಅಪ್ಪ.

“ಇಲ್ರಿ” ಎಂದೆ.

“ಎರಡೂ ಕಡಿ ಒಂದ ಮನಿ ಐತಿ ನಿಮ್ಮದು. ಅದಕ್ಕ ಇನ್ನೊಮ್ಮೆ ಕೇಳ್ತೇನಿ. ಇವರ ತಂದಿ? ಅಜ್ಜ? ನೆನಪ ಮಾಡ್ಕೊಂಡು ಹೇಳ್ರಿ.”

“ನಮ್ಮದು ಲಿಂಗ ಕಟ್ಟಿದ ಮನಿ ರೀ. ಯಾರೂ ಇಲ್ಲ. ಇಂವ ಒಬ್ಬನ.”

ಡಾಕ್ಟರು ನಿಮ್ಮ ಅಪ್ಪನ ಚೌಕವೊಂದನ್ನೇ ತಿದ್ದಿ ತಿದ್ದಿ ಕಪ್ಪು ಮಾಡಿದಳು. ಅಷ್ಟು ದೊಡ್ಡ ಬಿಳಿ ಹಾಳೆಯಲ್ಲಿ ಅದೊಂದೇ ಕಪ್ಪು. ಅವನು ಅದನ್ನೇ ನೋಡುತ್ತ ಕುಳಿತ. ಅವನಿಗೆ ಎಲ್ಲವೂ ಗೊತ್ತಿತ್ತು. ಸಣ್ಣವನಿದ್ದಾಗ ಗೂಟ ನೋಡಿ ಬಂದು “ಅಪ್ಪ ಹೊರಗ ಹೋಗ್ಯಾನ” ಎಂದು ನನಗೆ ಹೇಳುತ್ತಿದ್ದವನೇ ಅವನು. ಆದರೂ ಅವನು “ಅವ್ವ, ಖರೆ ಹೇಳು” ಎನ್ನಲಿಲ್ಲ. ಹೆಂಡತಿಯ ಮುಂದೆ ತಾಯಿಯನ್ನು ಸುಳ್ಳಿ ಮಾಡಲಿಲ್ಲ.

ಅಲ್ಲಿ ಸೇರಿಸಿ ವಾರಗಟ್ಟಲೆ ಇಟ್ಟುಕೊಂಡರು. ಕರೆದುಕೊಂಡು ಬರುವಾಗ ನಾವಿಬ್ಬರೇ ಇದ್ದೆವು. ಬಸ್ಸು ಅಮೀನಗಡದಲ್ಲಿ ನಿಂತಾಗ ಅವನು ಇಳಿದು ನಿಮಗೆಂದು ಕರದಂಟು ಕಟ್ಟಿಸಿಕೊಂಡು ಬಂದ. ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು, ಹುನಗುಂದ ದಾಟಿದ ಮೇಲೆ ಕೇಳಿದ.

“ಅವ್ವಾ, ಅಪ್ಪನ ಚೌಕ ಯಾಕ ಬಿಳೀದು ಬಿಟ್ಟಿ?”

“ಅಕಿ ಮುಂದ ಹೆಂಗ ಹೇಳ್ಲೋ ಯಪ್ಪಾ? ಮದಿವ್ಯಾಗ ಒಂದು ಹೇಳಿ, ಈಗ ಒಂದು ಹೇಳ್ಲೇನು?”

“ಹೌದು ಬಿಡು.” ಕಿಟಕಿಯ ಹೊರಗೆ ನೋಡಿದ. “ಹಂಗಾರ ಮನಿತನದಾಗ ನಾ ಒಬ್ಬನ ಕೆಟ್ಟಾಂವ ಆದ್ನಿ.”

ನಕ್ಕೇ ಹೇಳಿದ. ನಾನೂ ನಕ್ಕೆ. ದೇವರೇ, ನಾನೂ ನಕ್ಕೆ.

ಎಂಟು ತಿಂಗಳು ಮುಟ್ಟಲಿಲ್ಲ. ಆ ಎಂಟು ತಿಂಗಳು ನೀವು ನಿಮ್ಮ ಅಪ್ಪನನ್ನು ಕಂಡದ್ದು. ದೊಡ್ಡವನೇ, ಅವನು ಸೈಕಲ್ಲಿನ ಮೇಲೆ ನಿನ್ನನ್ನು ಕೂಡಿಸಿಕೊಂಡು ಶಾಲೆಗೆ ಬಿಡುತ್ತಿದ್ದುದು ನಿನಗೆ ನೆನಪಿರಬಹುದು. ಬಿಟ್ಟವರೆಲ್ಲ ವಾರಕ್ಕೊಮ್ಮೆ ಕೂಡಿ ಮಾತಾಡುವ ಸಭೆಗೆ ಬಾ ಎಂದು ದವಾಖಾನೆಯವರು ಹೇಳಿದ್ದರು. ಎರಡು ಸಲ ಹೋದ. ಅಲ್ಲಿ ಎಲ್ಲರೂ “ನಮ್ಮಪ್ಪನೂ ಕುಡೀತಿದ್ದ, ನಮ್ಮ ಮುತ್ಯಾನೂ ಕುಡೀತಿದ್ದ” ಎಂದು ಹೇಳಿಕೊಳ್ಳುತ್ತಾರಂತೆ. ಇವನ ಸರದಿ ಬಂದಾಗ ಏನು ಹೇಳಬೇಕು? ಕಾಗದದಲ್ಲಿ ಅವನೊಬ್ಬನೇ ಕಪ್ಪು. ಮೂರನೆಯ ಸಲ ಹೋಗಲಿಲ್ಲ.

ಮತ್ತೆ ಶುರುವಾದ ಮೇಲೆ ನಿಮ್ಮ ಅವ್ವ ಸಿಟ್ಟಿನಲ್ಲಿ ಅನ್ನುತ್ತಿದ್ದಳು, “ಎಂಥಾ ಚಲೋ ಮನಿತನ! ಇಂಥಾ ಮನ್ಯಾಗ ನೀ ಒಬ್ಬಾಂವ ಹೆಂಗ ಹುಟ್ಟಿದಿ?” ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ, ಅದೇ ಅರ್ಧ ಗೋಡೆಯ ಈಚೆಗೆ. ಅವನು ಒಂದು ಸಲವೂ ತಿರುಗಿ ಉತ್ತರ ಕೊಡಲಿಲ್ಲ. ಎರಡು ಮಾತು ಅಂದಿದ್ದರೆ ಸಾಕಿತ್ತು. ಆ ಎರಡು ಮಾತು ಅಂದರೆ ನಾನು ಸುಳ್ಳಿಯಾಗುತ್ತಿದ್ದೆ. ಎಲ್ಲವನ್ನೂ ತನ್ನ ಮೈಮೇಲೆಯೇ ಹಾಕಿಕೊಂಡು ಹೋದ. ಬಾಗಲಕೋಟೆಯ ಅದೇ ದವಾಖಾನೆಯ ಇನ್ನೊಂದು ವಾರ್ಡಿನಲ್ಲಿ, ರಕ್ತ ವಾಂತಿ ಮಾಡಿಕೊಂಡು. ಅದಕ್ಕಿಂತ ಹೆಚ್ಚು ನಾನು ಬರೆಯಲಾರೆ. ನಿಮಗೂ ನಾವು ಕಾಮಣಿ ಎಂದೇ ಹೇಳಿದೆವು.

ನಿಮ್ಮ ಅವ್ವನಿಗೆ ಬದಾಮಿಯಲ್ಲಿ ಅಂಗನವಾಡಿ ಕೆಲಸ ಸಿಕ್ಕಿತು. ನಿಮ್ಮನ್ನು ಕರೆದುಕೊಂಡು ಹೋದಳು. ಮುಂದೆ ಎರಡು ವರ್ಷಕ್ಕೆ ಯಾವುದೋ ಕಾಗದಕ್ಕಾಗಿ ಅವಳೂ ನಾನೂ ಮತ್ತೆ ಆ ದವಾಖಾನೆಗೆ ಹೋಗಬೇಕಾಯಿತು. ಅವಳು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು, ನಾನು ಬೆಂಚಿನ ಮೇಲೆ ಕುಳಿತಿದ್ದೆ. ಅದೇ ಡಾಕ್ಟರು ಹಾದುಹೋಗುವಾಗ ನನ್ನ ಗುರುತು ಹಿಡಿದು ಒಳಗೆ ಕರೆದಳು. ಅವಳ ಮುಂದೆ ಕುಳಿತೊಡನೆ ಕೇಳದೆಯೇ ನನ್ನ ಬಾಯಿಗೆ ಬಂತು: “ಅವತ್ತು ನಾ ಸುಳ್ಳ ಹೇಳಿದ್ನಿ ರೀ.” ಎಲ್ಲವನ್ನೂ ಹೇಳಿದೆ. ಅಜ್ಜ, ಗಂಡ, ಗೂಟ, ಏರುವುದಿಲ್ಲ ಎಂಬ ಮಾತು.

ಅವಳು ಬೈಯಲಿಲ್ಲ. ನನಗೆ ತಿಳಿಯುವ ಹಾಗೆ ಹೇಳಿದಳು. ಮೂಗು, ಕಣ್ಣಿನ ಬಣ್ಣ ಹೇಗೆ ತಂದೆತಾಯಿಯಿಂದ ಬರುತ್ತದೆಯೋ ಹಾಗೆ ಇದರದೂ ಒಂದು ಪಾಲು ರಕ್ತದಲ್ಲಿ ಬರುತ್ತದಂತೆ. ಒಂದೇ ಜೀನ್ ಅಲ್ಲ, ಬಹಳ ಇವೆಯಂತೆ, ಒಂದೊಂದರದು ಒಂದಿಷ್ಟು. ಉಳಿದ ಪಾಲು ಸಹವಾಸ, ಸಂಕಟ, ಮೊದಲು ಮುಟ್ಟಿದ ವಯಸ್ಸು, ಕೈಗೆ ಸುಲಭವಾಗಿ ಸಿಗುವುದು. “ಹುಟ್ಟಿನಿಂದ ಬರೂದು ಕುಡಿತ ಅಲ್ರಿ ಅಮ್ಮಾ. ಅದಕ್ಕ ಲಗೂನ ಸಿಗಬೀಳೋ ಮೈ ಬರ್ತೈತಿ. ಒಂದು ಹನಿ ಮುಟ್ಟಲಿಲ್ಲಂದ್ರ ಆ ಮೈ ಏನೂ ಮಾಡಂಗಿಲ್ಲ.”

“ನಮ್ಮವರಿಗೆ ಏರ್ತಿದ್ದಿಲ್ರಿ. ಗಟ್ಟಿ ಇದ್ರು” ಎಂದೆ.

ಅವಳು ತಲೆ ಅಲ್ಲಾಡಿಸಿದಳು. “ಅದನ್ನ ಎಲ್ಲಾರೂ ತಪ್ಪ ತಿಳೀತಾರ. ಎರಡು ಗುಟುಕಿಗೆ ವಾಂತಿ ಆಗಾಂವ, ತಲಿ ತಿರಗಾಂವ, ತಾನ ಬಿಡ್ತಾನ. ಅವನ ಮೈ ಸಾಕು ಅಂತೈತಿ. ನಿಮ್ಮ ಮನಿಯವರ ಮೈ ಸಾಕು ಅನ್ನಂಗಿಲ್ಲ. ಏರಂಗಿಲ್ಲ ಅನ್ನಾವ್ರ ಮ್ಯಾಲೆ ನಮಗ ಹೆಚ್ಚು ಕಣ್ಣು ಇರ್ತೈತಿ. ಅವತ್ತು ಹೇಳಿದ್ರ ನಿಮ್ಮ ಮಗಗ ನಾ ಇದನ್ನ ಹೇಳ್ತಿದ್ನಿ. ನಿನ್ನ ಸ್ವಭಾವ ಕೆಟ್ಟಿಲ್ಲಪಾ, ನಿನ್ನ ಮೈ ಹಂಗ ಐತಿ, ಅಂತ.”

“ಹೇಳಿದ್ರ ಉಳೀತಿದ್ನೇನ್ರಿ?”

“ಅದನ್ನ ಯಾರೂ ಹೇಳಾಕ ಬರಂಗಿಲ್ಲ” ಎಂದಳು. ಸುಳ್ಳು ಸಮಾಧಾನ ಹೇಳಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ನೇಕಾರರ ಮನೆಯವಳಾಗಿ ನನಗೆ ಇದು ತಿಳಿಯಬೇಕಿತ್ತು. ಅಡ್ಡ ಬರುವ ಹೊಕ್ಕಿನಲ್ಲಿ ತಪ್ಪಾದರೆ ಅದು ಆ ದಿನದ ತಪ್ಪು, ಬಿಚ್ಚಿ ನೇಯಬಹುದು. ಉದ್ದ ಓಡುವ ಹಾಸಿನಲ್ಲಿ ಒಂದು ಎಳೆ ಬೇರೆ ಬಿದ್ದರೆ ಅದು ಸೀರೆಯ ಉದ್ದಕ್ಕೂ ಬರುತ್ತದೆ. ಅದಕ್ಕಾಗಿ ಸೀರೆಯನ್ನೇ ಯಾರೂ ಬಿಸಾಡುವುದಿಲ್ಲ. ಆದರೆ ಎಳೆ ಎಲ್ಲಿದೆ ಎಂದು ಗೊತ್ತಿರಬೇಕು.

ಆ ಹಾಳೆಯ ಝೆರಾಕ್ಸ್ ಕೇಳಿದೆ, ಕೊಟ್ಟಳು. ಸಾಲಿನಿಂದ ನಿಮ್ಮ ಅವ್ವ ಬರುವಷ್ಟರಲ್ಲಿ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡೆ. ಇಳಕಲ್ಲಿಗೆ ಬಂದು ಟ್ರಂಕಿನ ತಳಕ್ಕೆ ಹಾಕಿದೆ. ಅಷ್ಟು ತಿಳಿದ ಮೇಲೂ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ ನಾನು. ನೀವು ಸಣ್ಣವರು, ದೊಡ್ಡವರಾಗಲಿ ಎಂದುಕೊಳ್ಳುತ್ತಿದ್ದೆ. ರೊಟ್ಟಿ ಸುಟ್ಟ ದಿನ ನೀನು ದೊಡ್ಡವನಾಗಿದ್ದೀ ಎಂದು ಗೊತ್ತಾಯಿತು.

ಮುಂದಿನ ಆದಿತ್ಯವಾರ ನಾನು ಹೇಳದೆ ಕೇಳದೆ ಬದಾಮಿಗೆ ಬಂದದ್ದು ಅದಕ್ಕೆ. ನೀವಿಬ್ಬರೂ ಮನೆಯಲ್ಲಿ ಇರಲಿಲ್ಲ. ಒಳ್ಳೆಯದೇ ಆಯಿತು, ಮೊದಲು ಹೇಳಬೇಕಾದದ್ದು ನಿಮ್ಮ ಅವ್ವನಿಗೆ. ಅವಳು ಅಂಗನವಾಡಿಯ ಮಕ್ಕಳ ತೂಕದ ಪುಸ್ತಕ ತುಂಬುತ್ತಿದ್ದಳು. ನಾನು ಹಾಳೆ ಬಿಚ್ಚಿ ಅವಳ ಮುಂದೆ ಇಟ್ಟು, ಅವಳದೇ ಪೆನ್ಸಿಲ್ ತೆಗೆದುಕೊಂಡು ಅಜ್ಜನ ಚೌಕವನ್ನು ಕಪ್ಪು ಮಾಡಿದೆ. ಆಮೇಲೆ ನಿಮ್ಮ ಮುತ್ಯಾನದು.

ಅವಳು ಪುಸ್ತಕ ಮುಚ್ಚಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. “ಅವರಿಗೆ ಗೊತ್ತಿತ್ತೇನ್ರಿ ಅತ್ತಿ?” ಎಂದಳು. ಅವರು ಎಂದರೆ ನಿಮ್ಮ ಅಪ್ಪ.

“ಗೊತ್ತಿತ್ತು.”

“ನಾ ಏನೇನ್ ಅಂದ್ನಿ ಅವರಿಗೆ. ಸಾಯೋ ಮುಂದಿನ ವಾರನೂ ಅಂದ್ನಿ. ನೀವು ಒಳಗ ನಿಂತು ಕೇಳ್ತಿದ್ರಿ.”

“ಕೇಳ್ತಿದ್ನಿ.”

ಎದ್ದು ಒಳಗೆ ಹೋದಳು. ಅವಳು ಅತ್ತದ್ದನ್ನು ಕೇಳಿದ್ದು ನಾನು ಅದೊಂದೇ ಸಲ. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ನಾನು ಅಷ್ಟರಲ್ಲಿ ನನ್ನ ದುಂಡಿನ ಅರ್ಧವನ್ನು ಕಪ್ಪು ಮಾಡಿದ್ದೆ.

“ಇದ್ಯಾಕ್ರಿ? ಇದು ನೀವು.”

ಹೇಳಿದೆ. ಈ ಮಾತನ್ನು ಡಾಕ್ಟರಿಗೂ ಹೇಳಿರಲಿಲ್ಲ. ನಿಮ್ಮ ಅಪ್ಪನನ್ನು ಹಡೆದಾಗ ಚಳಿಗಾಲ. ನನಗೆ ನಡುಕ ಹುಟ್ಟಿ ಹಲ್ಲು ಕಟಕಟ ಎನ್ನುತ್ತಿದ್ದವು. ಸೂಲಗಿತ್ತಿ ನಿಮ್ಮ ಮುತ್ಯಾನ ಬಾಟಲಿಯಿಂದ ಎರಡು ಚಮಚ ಬ್ರಾಂಡಿ ಬಿಸಿನೀರಿನಲ್ಲಿ ಹಾಕಿ ಕುಡಿಸಿದಳು. ಬೇರೆ ಬಾಣಂತಿಯರು ಮುಖ ಕಿವುಚುತ್ತಾರೆ, ಉಗುಳುತ್ತಾರೆ. ನನಗೆ ಎದೆಯಿಂದ ಪಾದದವರೆಗೆ ಯಾರೋ ಬೆಚ್ಚಗೆ ಹೊದಿಸಿದ ಹಾಗಾಯಿತು. ತಲೆ ತಿರುಗಲಿಲ್ಲ. ಏನೂ ಆಗಲಿಲ್ಲ. ಮರುದಿನ ನಡುಕ ಇರಲಿಲ್ಲ, ಆದರೂ ನಾನು ಸೂಲಗಿತ್ತಿಗೆ ನಡುಕ ಬರುತ್ತಿದೆ ಎಂದು ಹೇಳಿದೆ. ಅದರ ಮರುದಿನವೂ ಹೇಳಿದೆ. ನಾಲ್ಕನೆಯ ದಿನ ಅವಳು ನಕ್ಕು, “ಸಾಕು ಬಿಡ ತಂಗಿ, ನಿನಗೂ ಏರಂಗಿಲ್ಲ ನೋಡು, ಅಜ್ಜನ ಮನಿ ರಕ್ತ” ಎಂದು ಬಾಟಲಿಯನ್ನು ಗೋಡೆಯ ಎತ್ತರದ ಮಾಡದಲ್ಲಿ ಎತ್ತಿಟ್ಟಳು. ಬಾಣಂತನ ಮುಗಿಯುವವರೆಗೆ ನನ್ನ ಕಣ್ಣು ಆ ಮಾಡದ ಮೇಲೆಯೇ ಇರುತ್ತಿತ್ತು. ಹೆಂಗಸಾಗಿದ್ದೆ, ನನ್ನ ಕೈಗೆ ಯಾರೂ ಕೊಡಲಿಲ್ಲ, ಅಂಗಡಿಗೆ ಹೋಗುವ ಹಾಗಿರಲಿಲ್ಲ. ಅಷ್ಟರಿಂದ ಉಳಿದೆ, ನನ್ನ ಒಳ್ಳೆಯತನದಿಂದಲ್ಲ.

ಸಣ್ಣವಳೇ, ಇದನ್ನು ನಿನಗೆಂದು ಬರೆದಿದ್ದೇನೆ. ಇದು ಗಂಡುಮಕ್ಕಳ ಮಾತು ಎಂದು ನೀನು ಪುಟ ತಿರುವಬೇಡ.

ನಿಮ್ಮ ಅವ್ವ ಹಾಳೆಯನ್ನು ಮಡಿಚಿ ಆ ತೂಕದ ಪುಸ್ತಕದಲ್ಲಿ ಇಟ್ಟಳು. “ನೀವು ಇದನ್ನ ಬರೀರಿ” ಎಂದಳು. “ಬಾಯಿಲೆ ಹೇಳಿದ್ರ ಹುಡುಗರ ಮುಂದ ಮತ್ತ ಕಾಮಣಿ ಅಂತೀರಿ.” ನನ್ನ ಮೇಲೆ ಅವಳಿಗೆ ಇನ್ನೂ ಸಿಟ್ಟಿದೆ. ಇರಲಿ. ಊಟಕ್ಕೆ ಬಡಿಸಿದಳು. ಬಸ್ಸಿನವರೆಗೆ ಬಂದಳು. ಬಸ್ಸು ಹೊರಡುವಾಗ ಕಿಟಕಿಯಲ್ಲಿ ಕೈ ಹಾಕಿ ಒಂದು ಇನ್ನೂರು ಪುಟದ ನೋಟಬುಕ್ಕು ಕೊಟ್ಟಳು. ಇದು ಅದೇ.

ದೊಡ್ಡವನೇ, ಹೊಳೆಯ ದಂಡೆಯಲ್ಲಿ ವಾಂತಿ ಮಾಡಿಕೊಂಡು, ಅವ್ವನನ್ನು ನೆನೆದು ಅತ್ತ ನಿನ್ನ ಗೆಳೆಯನ ಬಗ್ಗೆ ನನಗೆ ಅಂಜಿಕೆ ಇಲ್ಲ. ಅವನ ಮೈ ಅವನಿಗೆ ಹೇಳಿದೆ. ನಿನ್ನ ಮೈ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ನಿನ್ನ ಅಪ್ಪನಿಗೆ ಹೇಳದೆ ಉಳಿದದ್ದನ್ನೇ.

ಹಾಳೆ ನಿಮ್ಮ ಅವ್ವನ ಹತ್ತಿರ ಇದೆ. ಕೆಳಗಿನ ಸಾಲಿನಲ್ಲಿ ಒಂದು ಚೌಕ, ಒಂದು ದುಂಡು, ನೀವಿಬ್ಬರು. ಎರಡೂ ಬಿಳಿ ಇವೆ. ನಿಮ್ಮ ಅವ್ವ ಮಡಿಚುವ ಮೊದಲು ಅವುಗಳ ಮೇಲೆ ಬೆರಳು ಆಡಿಸಿ ನೋಡಿದೆ. ಪೆನ್ಸಿಲನ್ನು ಅಲ್ಲೇ ಇಟ್ಟು ಬಂದೆ.